ಕಾರಿನ ಸೌಂಡಿಗೆ ಶ್ರುತಿ ಕೂಡಿಸುವ ಸೂತ್ರಗಳು

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ನಿಮ್ಮೂರಿನ ಕಾರ್ ಆಕ್ಸೆಸರೀಸ್ ಅಂಗಡಿಯಲ್ಲಾಗಲಿ, ಈ ನೋಟ ಸಾಮಾನ್ಯ. ಹೊಸ ಸ್ಪೀಕರ್, ಆಂಪ್, ಡಿಕ್ಕಿಯಲ್ಲೊಂದು ಸಬ್‌ವೂಫರ್ ಪೆಟ್ಟಿಗೆ ಎಲ್ಲ ಕೂತಾದ ಮೇಲೆ ಫಿಟ್ಟರ್ ಹುಡುಗ ಐದೇ ನಿಮಿಷದಲ್ಲಿ ‘ಸೆಟ್ಟಿಂಗ್’ ಮುಗಿಸುತ್ತಾನೆ. ಬಾಸ್ ಬೂಸ್ಟ್ ಪೂರ್ತಿ, ಈಕ್ವಲೈಜರ್‌ನ ಎರಡೂ ತುದಿ ಮೇಲಕ್ಕೆ, ನಡುವಿನದೆಲ್ಲ ಕೆಳಕ್ಕೆ, ವಾಲ್ಯೂಮ್ ಮುಕ್ಕಾಲು. ‘ಹೆಂಗೈತೆ ಸಾರ್?’ ಅಂಗಡಿ ಮುಂದೆ ಅದು ಭರ್ಜರಿಯಾಗಿಯೇ ಕೇಳುತ್ತದೆ. ನೆಲಮಂಗಲ ದಾಟುವ ಹೊತ್ತಿಗೆ ತಲೆ ಚಿಟ್ಟು ಹಿಡಿಯುತ್ತದೆ, ಹಿಂದಿನ ಸೀಟಿನಿಂದ ‘ಸ್ವಲ್ಪ ಕಡಿಮೆ ಮಾಡ್ರೀ’ ಎಂಬ ಕೂಗೂ ಬರುತ್ತದೆ.

ಆಗ ನಮ್ಮವರು ಇನ್ನೂ ದುಬಾರಿ ಸ್ಪೀಕರ್ ಹುಡುಕಿಕೊಂಡು ಹೊರಡುತ್ತಾರೆ. ಬೇಕಿಲ್ಲ. ಹತ್ತರಲ್ಲಿ ಎಂಟು ಕಾರುಗಳ ದೂರು ಸ್ಪೀಕರಿನದಲ್ಲ, ಹೊಂದಾಣಿಕೆಯದು ಎಂಬುದು ನನ್ನ ಲೆಕ್ಕ. ಯಾವ ಸ್ಪೀಕರಿಗೆ ಯಾವ ಕೆಲಸ ಎಂದು ಹಂಚಿಕೊಟ್ಟು, ಹೆಚ್ಚಾದದ್ದನ್ನು ತೆಗೆಯುತ್ತ ಹೋದರೆ ಸಾಕು. ಏರಿಸಬೇಕಾದದ್ದು ತೀರ ಕಡಿಮೆ. ಕೆಲಸದ ಕ್ರಮವೂ ಮುಖ್ಯ: ಗೇನ್, ಕ್ರಾಸ್‌ಓವರ್, ಎಡ-ಬಲದ ದೂರ, ಕಟ್ಟಕಡೆಗೆ ಈಕ್ವಲೈಜರ್. ಈಕ್ವಲೈಜರಿನಿಂದಲೇ ಶುರು ಮಾಡುವುದೆಂದರೆ ತಂಬೂರಿಗೆ ಶ್ರುತಿ ಕೂಡಿಸದೆ ಕಛೇರಿ ಆರಂಭಿಸಿದಂತೆ.

ಉದಾಹರಣೆಗೆ ಸ್ವಿಫ್ಟ್, ಐ20 ಥರದ ಒಂದು ಹ್ಯಾಚ್‌ಬ್ಯಾಕ್ ಇಟ್ಟುಕೊಳ್ಳೋಣ. ಮುಂದಿನ ಬಾಗಿಲುಗಳಲ್ಲಿ ಆರೂವರೆ ಇಂಚಿನ ಸ್ಪೀಕರ್, ಕನ್ನಡಿಯ ಪಕ್ಕದ ತ್ರಿಕೋನದಲ್ಲಿ ಟ್ವೀಟರ್, ಡಿಕ್ಕಿಯಲ್ಲಿ 12 ಇಂಚಿನ ಸಬ್‌ವೂಫರ್. ನಿಮ್ಮ ಗಾಡಿಯಲ್ಲಿ ಇಷ್ಟೆಲ್ಲ ಇಲ್ಲದಿದ್ದರೂ ಮುಂದಿನ ಸೂತ್ರಗಳಲ್ಲಿ ಅರ್ಧದಷ್ಟು ಕಂಪನಿಯವರೇ ಕೊಟ್ಟ ಸ್ಟೀರಿಯೋಗೂ ಸಲ್ಲುತ್ತವೆ.

1. ಎಲ್ಲವನ್ನೂ ಸೊನ್ನೆಗೆ ತನ್ನಿ

ಬಾಸ್, ಟ್ರೆಬಲ್ ಸೊನ್ನೆ. ಲೌಡ್‌ನೆಸ್ ಆಫ್. ಬಾಸ್ ಬೂಸ್ಟ್ ಆಫ್. ರಾಕ್, ಪಾಪ್, ಜಾಝ್ ಎಂಬ ಪ್ರಿಸೆಟ್‌ಗಳ ಬದಲು ‘ಫ್ಲಾಟ್’. ಬ್ಯಾಲೆನ್ಸ್, ಫೇಡರ್ ನಡುವಿಗೆ.

ಇಲ್ಲಿಗೆ ಮುಗಿಯಲಿಲ್ಲ, ಫೋನನ್ನೂ ನೋಡಿ. ಹಾಡಿನ ಆಪ್‌ನೊಳಗೊಂದು ಈಕ್ವಲೈಜರ್, ಫೋನಿನ ಸೌಂಡ್ ಸೆಟ್ಟಿಂಗ್‌ನಲ್ಲಿ ಡಾಲ್ಬಿ ಅಟ್ಮಾಸ್, ಸ್ಟೀರಿಯೋದಲ್ಲಿ ಇನ್ನೊಂದು, ಸದ್ದನ್ನು ಡಿಜಿಟಲ್ ಆಗಿ ತಿದ್ದುವ ಡಿಎಸ್‌ಪಿ ಪೆಟ್ಟಿಗೆ ಇದ್ದರೆ ಅದರಲ್ಲಿ ಮತ್ತೊಂದು. ಹೀಗೆ ಒಂದರ ಮೇಲೊಂದು ತಿದ್ದುಪಡಿ ಕೂತಿರುತ್ತದೆ. ಯಾವುದು ಏನು ಮಾಡುತ್ತಿದೆ ಎಂದು ಬ್ರಹ್ಮನಿಗೂ ತಿಳಿಯದು. ಒಂದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಮುಚ್ಚಿ. ಬ್ಲೂಟೂತ್‌ನಲ್ಲಿ ಕೇಳುವುದಾದರೆ ಫೋನಿನ ವಾಲ್ಯೂಮ್ ಪೂರ್ತಿ ಇಟ್ಟು, ಏರಿಸಿ ಇಳಿಸುವುದನ್ನು ಸ್ಟೀರಿಯೋದಿಂದ ಮಾಡಿ.

2. ನಾಲ್ಕೇ ಹಾಡು ಆರಿಸಿ, ಅವನ್ನೇ ಕೇಳಿ

ವಾದ್ಯ ಕಡಿಮೆಯಿರುವ, ಹೆಣ್ಣು ದನಿಯ ಒಂದು ಹಾಡು. ಮೃದಂಗವೋ ತಬಲಾವೋ ಸ್ಪಷ್ಟವಾಗಿ ಕೇಳುವ ಒಂದು. ಬಾಸ್ ಗಿಟಾರ್ ಇರುವ ಹೊಸ ಚಿತ್ರಗೀತೆ ಒಂದು. ನಾಲ್ಕನೆಯದು 1960ರ ದಶಕದ ಯಾವುದಾದರೂ ಹಳೆಯ ಚಿತ್ರಗೀತೆ. ಆ ಕಾಲದ ಹಾಡುಗಳು ಹೆಚ್ಚಾಗಿ ಮೋನೋ, ಅಂದರೆ ಎಡಕ್ಕೂ ಬಲಕ್ಕೂ ಹೋಗುವುದು ಒಂದೇ ಸಿಗ್ನಲ್. ಎಲ್ಲ ಸರಿಯಿದ್ದರೆ ಹಾಡುಗಾರನ ದನಿ ಡ್ಯಾಶ್‌ಬೋರ್ಡಿನ ಮೇಲೆ ಒಂದೇ ಬಿಂದುವಿನಿಂದ ಬರಬೇಕು. ಹರಡಿಕೊಂಡರೆ ಅಥವಾ ಒಂದು ಬದಿಗೆ ವಾಲಿದರೆ ಹೊಂದಾಣಿಕೆ ಎಲ್ಲೋ ತಪ್ಪಿದೆ. ಮುಂದೆ 9ನೇ ಸೂತ್ರದಲ್ಲಿ ಈ ಹಾಡು ಕೆಲಸಕ್ಕೆ ಬರುತ್ತದೆ.

ವಾಟ್ಸಾಪ್‌ನಲ್ಲಿ ಬಂದ ಎಂಪಿ3 ಬೇಡ. ಎಫ್‌ಎಂ ರೇಡಿಯೋ ಇಟ್ಟುಕೊಂಡು ಟ್ರೆಬಲ್ ತಿದ್ದುವುದೂ ಬೇಡ. ಎಫ್‌ಎಂ ಪ್ರಸಾರ ಸುಮಾರು 15,000 ಹರ್ಟ್ಸ್‌ಗೇ ನಿಂತುಬಿಡುತ್ತದೆ. ಅದರಾಚೆ ಇಲ್ಲದ್ದನ್ನು ನೀವು ಏರಿಸುತ್ತ ಕೂರಬೇಕಾಗುತ್ತದೆ.

3. ಮೊದಲು ಗಡಗಡ ನಿಲ್ಲಿಸಿ

30ರಿಂದ 200 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಟೆಸ್ಟ್ ಟೋನ್ ಹಾಕಿ, ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ನಂಬರ್ ಪ್ಲೇಟ್ ನಡುಗುತ್ತದೆ. ಡಿಕ್ಕಿಯ ಪಾರ್ಸೆಲ್ ಟ್ರೇ ಕುಣಿಯುತ್ತದೆ. ಬಾಗಿಲ ಗೂಡಿನಲ್ಲಿ ಬಿದ್ದಿರುವ ಟೋಲ್ ಚಿಲ್ಲರೆ, ಪಕ್ಕದ ಕಂಬಕ್ಕೆ ಬಡಿಯುವ ಸೀಟ್‌ಬೆಲ್ಟಿನ ಬಕಲ್, ಎಲ್ಲ ತಾಳ ಹಾಕುತ್ತವೆ. ಅಂಗೈ ಇಟ್ಟು ಒತ್ತಿದಾಗ ಎಲ್ಲಿ ಸದ್ದು ನಿಲ್ಲುತ್ತದೋ ಅಲ್ಲಿಗೆ ಫೋಮ್ ಪಟ್ಟಿ ಅಂಟಿಸಿ.

ಬಾಗಿಲಿನ ಒಳತಗಡಿನಲ್ಲಿ ದೊಡ್ಡ ತೂತುಗಳಿರುತ್ತವೆ. ಸ್ಪೀಕರಿನ ಹಿಂಬದಿಯ ಸದ್ದು ಅವುಗಳ ಮೂಲಕ ಮುಂದೆ ಬಂದು, ಮುಂಬದಿಯ ಸದ್ದನ್ನು ಹೊಡೆದುಹಾಕುತ್ತದೆ. ಬಾಸ್ ಸೋರಿಹೋಗುವುದು ಹೀಗೆ. ಬ್ಯುಟೈಲ್ ಹಾಳೆ ಅಂಟಿಸಿ ಆ ತೂತು ಮುಚ್ಚಿಸಿದರೆ ಅದೇ ಸ್ಪೀಕರ್ ಬೇರೆಯದೇ ಸ್ಪೀಕರ್ ಎನಿಸುತ್ತದೆ. ಸ್ಪೀಕರ್ ಬದಲಿಸುವ ದುಡ್ಡಿದ್ದರೆ ಮೊದಲು ಇದಕ್ಕೆ ಹಾಕಿ.

4. ಗೇನ್ ಎಂದರೆ ವಾಲ್ಯೂಮ್ ಅಲ್ಲ

ಆಂಪ್ ಮೇಲೆ ‘ಗೇನ್’ ಎಂದು ಬರೆದಿರುವ ಗುಂಡಿಯನ್ನು ಪೂರ್ತಿ ತಿರುಗಿಸಿದರೆ ಪವರ್ ಹೆಚ್ಚುತ್ತದೆ ಎಂದು ನಂಬಿದವರು ಬಹಳ. ಸ್ಟೀರಿಯೋದಿಂದ ಬರುವ ವೋಲ್ಟೇಜಿಗೆ ಆಂಪನ್ನು ಹೊಂದಿಸುವುದಷ್ಟೇ ಅದರ ಕೆಲಸ. ಕೆಲವು ಸ್ಟೀರಿಯೋಗಳ ಪ್ರಿಔಟ್ 2 ವೋಲ್ಟ್, ಕೆಲವದು 4. ಹೊಂದಾಣಿಕೆ ಮೀರಿದರೆ ಆಂಪ್ ತನ್ನ ಕೈಲಾದಷ್ಟು ಕೊಟ್ಟು, ಅಲೆಯ ತುದಿಯನ್ನು ಕತ್ತರಿಸಿಬಿಡುತ್ತದೆ. ಇದೇ ಕ್ಲಿಪ್ಪಿಂಗ್. ಸುಟ್ಟ ವಾಯ್ಸ್ ಕಾಯಿಲ್‌ಗಳ ಹಿಂದೆ ಹೆಚ್ಚಾಗಿ ಇರುವುದು ಇದೇ.

ಒಂದು ಮಲ್ಟಿಮೀಟರ್ ಇದ್ದರೆ ಅರ್ಧ ಗಂಟೆಯ ಕೆಲಸ. ಸ್ಪೀಕರ್ ವೈರುಗಳನ್ನು ಆಂಪಿನಿಂದ ಕಳಚಿ. ಫಿಲ್ಟರ್‌ಗಳನ್ನು ಆಫ್ ಮಾಡಿ. ಸ್ಟೀರಿಯೋ ವಾಲ್ಯೂಮನ್ನು ಮುಕ್ಕಾಲಿಗೆ ಇಡಿ; ಗರಿಷ್ಠ 40 ಇದ್ದರೆ 30. ಬಾಗಿಲ ಚಾನೆಲ್‌ಗೆ 1,000 ಹರ್ಟ್ಸ್‌ನ, ಸಬ್ ಚಾನೆಲ್‌ಗೆ 50 ಹರ್ಟ್ಸ್‌ನ, 0 ಡೆಸಿಬೆಲ್‌ನಲ್ಲಿ ರೆಕಾರ್ಡಾದ ಟೋನ್ ಹಾಕಿ. ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಆಂಪಿನ ಔಟ್‌ಪುಟ್ ಅಳೆಯಿರಿ. ಎಷ್ಟು ಬರಬೇಕು? ವಾಟ್ಸನ್ನು ಓಮ್ಸ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 60 ವಾಟ್, 4 ಓಮ್ ಆದರೆ 240ರ ವರ್ಗಮೂಲ, ಅಂದರೆ 15.5 ವೋಲ್ಟ್. ಸಬ್‌ಗೆ 300 ವಾಟ್, 4 ಓಮ್ ಆದರೆ 34.6 ವೋಲ್ಟ್. ಅದೇ 300 ವಾಟ್ 2 ಓಮ್‌ಗೆ ಆದರೆ 24.5. ಗೇನನ್ನು ಪೂರ್ತಿ ಕೆಳಗಿನಿಂದ ನಿಧಾನವಾಗಿ ತಿರುಗಿಸುತ್ತ ಬನ್ನಿ, ಆ ಅಂಕಿ ಬಂದೊಡನೆ ನಿಲ್ಲಿಸಿ.

ಅಗ್ಗದ ಮೀಟರ್‌ಗಳು 1,000 ಹರ್ಟ್ಸ್‌ನ ಎಸಿಯನ್ನು ತಪ್ಪಾಗಿ ತೋರಿಸುವುದುಂಟು. ಅನುಮಾನವಿದ್ದರೆ ಬಾಗಿಲ ಚಾನೆಲ್‌ಗೂ 100 ಹರ್ಟ್ಸ್ ಟೋನ್ ಬಳಸಿ. ಇನ್ನೊಂದು ಮಾತು: ಲೆಕ್ಕಕ್ಕೆ ಹಿಡಿಯಬೇಕಾದದ್ದು ಸತತವಾಗಿ ಕೊಡಬಲ್ಲ ಆರ್‌ಎಂಎಸ್ ವಾಟ್ಸ್. ಡಬ್ಬದ ಮೇಲೆ ಬೆಂಕಿಯ ಚಿತ್ರದ ಪಕ್ಕ ದಪ್ಪಕ್ಷರದಲ್ಲಿ ಅಚ್ಚಾದ ‘2000 ವಾಟ್ಸ್ ಮ್ಯಾಕ್ಸ್’ ಅಲ್ಲ. ಅದು ಡಬ್ಬಕ್ಕೆ ಮಾತ್ರ ಅನ್ವಯ.

5. ಕ್ರಾಸ್‌ಓವರ್: ಯಾರಿಗೆ ಎಷ್ಟು ಕೆಲಸ

ಕ್ರಾಸ್‌ಓವರ್ ಎಂದರೆ ಹಾಡನ್ನು ಹೋಳು ಮಾಡಿ ಹಂಚುವ ಫಿಲ್ಟರ್. ಹೈ ಪಾಸ್ ಮೇಲಿನದನ್ನು ಬಿಡುತ್ತದೆ, ಲೋ ಪಾಸ್ ಕೆಳಗಿನದನ್ನು. ಶುರು ಮಾಡಲು ಅಂಕಿಗಳು ಇವು: ಸಬ್‌ವೂಫರ್‌ಗೆ 80 ಹರ್ಟ್ಸ್ ಲೋ ಪಾಸ್, ಬಾಗಿಲ ಆರೂವರೆ ಇಂಚಿಗೆ 80 ಹರ್ಟ್ಸ್ ಹೈ ಪಾಸ್, ಟ್ವೀಟರ್‌ಗೆ 3,500 ಹರ್ಟ್ಸ್ ಹೈ ಪಾಸ್. ಬಾಗಿಲಲ್ಲಿ ನಾಲ್ಕಿಂಚಿನ ಸ್ಪೀಕರ್ ಇದ್ದರೆ 100ರಿಂದ 120. ಸಬ್ ಇಲ್ಲವೇ ಇಲ್ಲ ಎಂದಾದರೆ ಬಾಗಿಲಿನವನ್ನು 50–60ರಲ್ಲಿ ಕತ್ತರಿಸಿ. ಆದರೆ ಕತ್ತರಿಸುವುದನ್ನು ಮಾತ್ರ ಬಿಡಬೇಡಿ.

‘ಬಾಸ್ ಬೇಕು ಅಂತ ಸ್ಪೀಕರ್ ಹಾಕಿಸಿದ್ದು, ಬಾಸೇ ಕತ್ತರಿಸಿ ಅಂತೀರಲ್ಲ?’ ಎಂದು ಕೇಳುವವರಿದ್ದಾರೆ. ಕಾರಣ ಹೀಗಿದೆ. ಸಂಗೀತದಲ್ಲಿ ಒಂದು ಸ್ಥಾಯಿ ಕೆಳಗಿಳಿದರೆ ಫ್ರೀಕ್ವೆನ್ಸಿ ಅರ್ಧವಾಗುತ್ತದೆ. ಅದೇ ಜೋರಿನಲ್ಲಿ ಒಂದು ಸ್ಥಾಯಿ ಕೆಳಗಿನ ಸ್ವರ ಹೊರಡಿಸಲು ಸ್ಪೀಕರಿನ ಕೋನ್ ನಾಲ್ಕು ಪಟ್ಟು ಹೆಚ್ಚು ಹಿಂದೆ-ಮುಂದೆ ಆಡಬೇಕು. 80ರಿಂದ 40ಕ್ಕೆ ಇಳಿದರೆ ನಾಲ್ಕು ಪಟ್ಟು, 20ಕ್ಕೆ ಇಳಿದರೆ ಹದಿನಾರು. ಪಾಪ, ಬಾಗಿಲಿನ ಸಣ್ಣ ಕೋನ್ ಅಷ್ಟು ಆಡಲಾರದು. ಆಡಲು ಹೋಗಿ, ಅದರ ಮೇಲೆಯೇ ಸವಾರಿ ಮಾಡುತ್ತಿರುವ ಗಾಯಕಿಯ ದನಿಯನ್ನೂ ಕೆಡಿಸುತ್ತದೆ. ಹೈ ಪಾಸ್ ಹಾಕಿದ ಕ್ಷಣ ಹಾಡಿನ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಅಷ್ಟೇ ಅಲ್ಲ, ವಾಲ್ಯೂಮನ್ನು ಮೊದಲಿಗಿಂತ ನಾಲ್ಕು ಹೆಜ್ಜೆ ಮೇಲೆ ಒಯ್ದರೂ ಸ್ಪೀಕರ್ ಅರಚುವುದಿಲ್ಲ.

ಆಂಪಿನ ಗುಂಡಿಯ ಸುತ್ತ ಅಚ್ಚಾಗಿರುವ ಅಂಕಿಗಳನ್ನು ಪೂರ್ತಿ ನಂಬಬೇಡಿ. ‘80’ ಎಂದಿರುವಲ್ಲಿ 95 ಇರಬಹುದು. ಸ್ಟೀರಿಯೋ ಪರದೆಯಲ್ಲಿ ಕ್ರಾಸ್‌ಓವರ್ ಇದ್ದರೆ ಅಲ್ಲಿಯೇ ಮಾಡಿ, ಆಂಪಿನದನ್ನು ‘ಫುಲ್’ಗೆ ಬಿಡಿ. ಎರಡೂ ಕಡೆ ಗೊತ್ತಿಲ್ಲದೆ ಹಾಕಿಟ್ಟರೆ ಇಳಿಜಾರು ಎರಡರಷ್ಟು ಕಡಿದಾಗಿ, ‘ಬಾಸ್ ಎಲ್ಲಿ ಹೋಯ್ತು’ ಎಂದು ಹುಡುಕಬೇಕಾಗುತ್ತದೆ.

ಹಿಂದಿನ ಸ್ಪೀಕರ್‌ಗಳಿಗೆ 100ರ ಮೇಲೆ ಹೈ ಪಾಸ್ ಹಾಕಿ, ಫೇಡರನ್ನು ಮುಂದಕ್ಕೆ ಸರಿಸಿ. ಕಛೇರಿಯಲ್ಲಿ ಯಾರೂ ಹಾಡುಗಾರರಿಗೆ ಬೆನ್ನು ಹಾಕಿ ಕೂರುವುದಿಲ್ಲ.

6. ಇಳಿಜಾರು 24 ಇದ್ದರೆ 24

ಫಿಲ್ಟರ್ ಗೋಡೆಯಲ್ಲ, ಇಳಿಜಾರು. 12 ಡೆಸಿಬೆಲ್ ಎಂದಿದ್ದರೆ ಒಂದು ಸ್ಥಾಯಿ ಆಚೆಗೆ ಪವರ್ ಹದಿನಾರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. 24 ಎಂದಿದ್ದರೆ ಇನ್ನೂರೈವತ್ತರಲ್ಲಿ ಒಂದು ಪಾಲಿಗೆ. ಸಣ್ಣ ಸ್ಪೀಕರ್‌ಗಳನ್ನು ಕಾಪಾಡಲು ಎರಡನೆಯದೇ ಮೇಲು.

ಡಿಎಸ್‌ಪಿಯ ಮೆನುವಿನಲ್ಲಿ ಬಟರ್‌ವರ್ತ್, ಬೆಸೆಲ್, ಲಿಂಕ್‌ವಿಟ್ಜ್-ರೈಲಿ ಎಂಬ ಹೆಸರುಗಳು ಕಂಡು ಗಾಬರಿಯಾದರೆ, ಕಣ್ಮುಚ್ಚಿ ಕೊನೆಯದನ್ನು ಒತ್ತಿ. ಹ್ಯೂಲೆಟ್-ಪ್ಯಾಕರ್ಡ್‌ನಲ್ಲಿ ಎಂಜಿನಿಯರ್‌ಗಳಾಗಿದ್ದ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಮತ್ತು ರಸ್ ರೈಲಿ ರೂಪಿಸಿದ ಈ ಫಿಲ್ಟರ್ 1976ರಲ್ಲಿ ಪ್ರಕಟವಾಯಿತು. ಕೂಡುವ ಜಾಗದಲ್ಲಿ ಎರಡೂ ಸ್ಪೀಕರ್‌ಗಳು ತಲಾ 6 ಡೆಸಿಬೆಲ್ ಇಳಿದಿರುತ್ತವೆ, ಒಟ್ಟು ಸೇರಿದಾಗ ಸಮತಟ್ಟು. ಬಟರ್‌ವರ್ತ್ 24ರಲ್ಲಾದರೆ ಅದೇ ಜಾಗದಲ್ಲಿ 3 ಡೆಸಿಬೆಲ್ ಉಬ್ಬು ಏಳುತ್ತದೆ. ಒಂದು ತಮಾಷೆ: 12ರ ಬಟರ್‌ವರ್ತ್ ಫಿಲ್ಟರನ್ನು ಒಂದೇ ಫ್ರೀಕ್ವೆನ್ಸಿಗೆ ಎರಡು ಸಲ ಹಾಯಿಸಿದರೆ ಸಿಗುವುದು ಈ 24ರ ಲಿಂಕ್‌ವಿಟ್ಜ್-ರೈಲಿಯೇ. ಹಾಗಾಗಿ ಸ್ಟೀರಿಯೋದಲ್ಲೊಂದು, ಆಂಪ್‌ನಲ್ಲೊಂದು 12 ಮಾತ್ರ ಇರುವವರು ಬೇಕೆಂದೇ ಎರಡನ್ನೂ 80ಕ್ಕೆ ಇಟ್ಟು ನೋಡಬಹುದು. ಗೊತ್ತಿದ್ದು ಮಾಡುವುದು ಬೇರೆ, ಗೊತ್ತಿಲ್ಲದೆ ಆಗುವುದು ಬೇರೆ.

7. ಟ್ವೀಟರಿನ ಮೇಲೆ ಕರುಣೆಯಿರಲಿ

ಟ್ವೀಟರಿನ ಕಾಗದದಲ್ಲಿ ‘ಎಫ್‌ಎಸ್’ (ಅದರ ಸಹಜ ಅನುರಣನದ ಫ್ರೀಕ್ವೆನ್ಸಿ) ಎಂದೊಂದು ಅಂಕಿ ಇರುತ್ತದೆ. ಅದರ ಎರಡರಷ್ಟಕ್ಕಿಂತ ಕೆಳಗೆ ಹೈ ಪಾಸ್ ಇಡಬೇಡಿ. 1,500 ಇದ್ದರೆ 3,000ವೇ ತಳ. ಸ್ಪೀಕರ್ ಜತೆಗೆ ಬಂದ ಪುಟ್ಟ ಪ್ಯಾಸಿವ್ ಕ್ರಾಸ್‌ಓವರ್ ಡಬ್ಬಿಯಲ್ಲಿ 0, –3 ಎಂಬ ಜಂಪರ್ ಇದ್ದರೆ ಮೊದಲು –3ಕ್ಕೆ ಹಾಕಿ ಕೇಳಿ. ಕನ್ನಡಿಯ ಪಕ್ಕದ ಟ್ವೀಟರ್ ಮುಖಕ್ಕೇ ಗುರಿಯಿಟ್ಟಿರುತ್ತದೆ, 0 ಬಹುಪಾಲು ಜಾಸ್ತಿಯಾಗುತ್ತದೆ.

ಡಿಎಸ್‌ಪಿಯಿಂದ ನೇರ ಟ್ವೀಟರಿಗೆ ವೈರ್ ಎಳೆಯುವವರು, ಆ ಚಾನೆಲ್‌ಗೆ ಹೈ ಪಾಸ್ ಬಿದ್ದಿದೆಯೇ ಎಂದು ಖಚಿತವಾದ ಮೇಲಷ್ಟೇ ವೈರ್ ಸಿಕ್ಕಿಸಿ. ಇಲ್ಲದಿದ್ದರೆ ಒಂದು ಡೋಲಿನ ಪೆಟ್ಟಿಗೆ ಟ್ವೀಟರ್ ಕಥೆ ಮುಗಿಯುತ್ತದೆ.

8. ಸಬ್‌ವೂಫರ್ ಡಿಕ್ಕಿಯಲ್ಲಿದ್ದರೂ ಬಾಸ್ ಮುಂದಿನಿಂದ ಬರಲಿ

ಆಂಪಿನಲ್ಲಿ ಅಥವಾ ಸ್ಟೀರಿಯೋದಲ್ಲಿ ‘ಫೇಸ್ 0/180’ ಎಂಬ ಸ್ವಿಚ್ ಇರುತ್ತದೆ. ಅದನ್ನು ಮುಟ್ಟಿದವರೇ ಕಡಿಮೆ. 80 ಹರ್ಟ್ಸ್ ಟೋನ್ ಹಾಕಿ, ಡ್ರೈವರ್ ಸೀಟಿನಲ್ಲಿ ಕೂತು, ಇನ್ನೊಬ್ಬರಿಂದ ಸ್ವಿಚ್ ಆಚೀಚೆ ಮಾಡಿಸಿ. ಯಾವುದರಲ್ಲಿ ಜೋರಾಗಿ ಕೇಳುತ್ತದೋ ಅದೇ ಸರಿ. ಇನ್ನೊಂದರಲ್ಲಿ ಬಾಗಿಲ ಸ್ಪೀಕರೂ ಸಬ್ಬೂ ಒಂದನ್ನೊಂದು ನುಂಗಿಹಾಕುತ್ತಿರುತ್ತವೆ. ‘ಸಬ್ ಹಾಕಿಸಿದರೂ ಬಾಸ್ ಇಲ್ಲ’ ಎನ್ನುವ ದೂರಿಗೆ ಬಿಡಿಗಾಸಿನ ಖರ್ಚಿಲ್ಲದ ಮದ್ದು ಇದು.

ಬಾಸ್ ಬೂಸ್ಟನ್ನು ಆಫ್‌ನಲ್ಲೇ ಇಡಿ. ಅನೇಕ ಆಂಪ್‌ಗಳಲ್ಲಿ ಅದು 45 ಹರ್ಟ್ಸ್ ಆಸುಪಾಸನ್ನು 12 ಡೆಸಿಬೆಲ್‌ವರೆಗೂ ಏರಿಸುತ್ತದೆ. ಹನ್ನೆರಡು ಎಂದರೆ ಹದಿನಾರು ಪಟ್ಟು ಪವರ್. 300 ವಾಟ್ ಆಂಪ್ ಅದನ್ನು ಎಲ್ಲಿಂದ ತರಬೇಕು? ಅಸಲಿಗೆ ಕಾರಿಗೆ ಅದು ಬೇಕಾಗಿಯೂ ಇಲ್ಲ. 40 ಹರ್ಟ್ಸ್ ಅಲೆಯ ಉದ್ದ ಎಂಟೂವರೆ ಮೀಟರ್. ಕಾರಿನೊಳಗೆ ಅದು ಹರಡಿಕೊಳ್ಳಲು ಜಾಗವೇ ಇಲ್ಲ. ಹಾಗಾಗಿ ಮುಚ್ಚಿದ ಗಾಡಿಯೊಳಗೆ ತೀರ ಕೆಳಗಿನ ಬಾಸ್ ತನ್ನಷ್ಟಕ್ಕೇ ಉಬ್ಬುತ್ತದೆ. ಹ್ಯಾಚ್‌ಬ್ಯಾಕಿನಲ್ಲಿ ಡಿಕ್ಕಿಯೂ ಕ್ಯಾಬಿನ್ನೂ ಒಂದೇ ಆದ್ದರಿಂದ ಇದರ ಲಾಭ ಪೂರ್ತಿ. ಸೆಡಾನ್‌ನಲ್ಲಿ ನಡುವೆ ಸೀಟು ಅಡ್ಡ. ಹಿಂದಿನ ಸೀಟಿನ ಕೈಯಾಸರೆಯ ಕಿಂಡಿ ತೆರೆದು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಪೆಟ್ಟಿಗೆಗೆ ಗಾಳಿಯ ತೂತು, ಅಂದರೆ ಪೋರ್ಟ್ ಇದ್ದರೆ ಸಬ್‌ಸಾನಿಕ್ ಫಿಲ್ಟರ್ ಹಾಕಲೇಬೇಕು. ಪೆಟ್ಟಿಗೆಯ ಟ್ಯೂನಿಂಗ್ 35 ಹರ್ಟ್ಸ್ ಆದರೆ 30ರ ಸುತ್ತ ಇಡಿ. ಅದಕ್ಕಿಂತ ಕೆಳಗೆ ಕೋನನ್ನು ಹಿಡಿದು ನಿಲ್ಲಿಸುವ ಗಾಳಿ ಪೆಟ್ಟಿಗೆಯೊಳಗೆ ಇರುವುದಿಲ್ಲ.

ಸಬ್ಬಿನ ಮಟ್ಟ ಎಷ್ಟಿರಬೇಕು? ತಬಲಾದ ಎಡಗೈ ಏಟು ತಬಲಾ ಇರುವ ಜಾಗದಿಂದಲೇ, ಅಂದರೆ ಡ್ಯಾಶ್‌ಬೋರ್ಡ್ ಕಡೆಯಿಂದಲೇ ಕೇಳಬೇಕು. ಬೆನ್ನ ಹಿಂದಿನಿಂದ ಬಂದರೆ ಸಬ್ ಜೋರಾಯಿತು, ಇಲ್ಲವೇ ಲೋ ಪಾಸ್ ಮೇಲಾಯಿತು. ಮೊದಲು ಇಳಿಸಿ, ಆಮೇಲೆ 80ನ್ನು 70 ಮಾಡಿ ನೋಡಿ.

9. ನಾವು ಕೂರುವುದು ಬಲಗಡೆ

ನಮ್ಮ ದೇಶದಲ್ಲಿ ಸ್ಟೇರಿಂಗ್ ಬಲಕ್ಕೆ. ಬಲ ಬಾಗಿಲ ಸ್ಪೀಕರ್ ಮೊಣಕಾಲ ಪಕ್ಕ, ಎಡದ್ದು ಆಚೆ ತುದಿಯಲ್ಲಿ. ಹತ್ತಿರದ ಸದ್ದು ಮೊದಲು ತಲುಪುತ್ತದೆ, ಹಾಡೆಲ್ಲ ಬಲ ಕಿಟಕಿಗೆ ಅಂಟಿಕೊಂಡಂತೆ ಕೇಳುತ್ತದೆ. ಟೈಮ್ ಅಲೈನ್‌ಮೆಂಟ್ ಇರುವ ಸ್ಟೀರಿಯೋ ಇದ್ದರೆ ಹತ್ತಿರದ ಸ್ಪೀಕರನ್ನು ಕೊಂಚ ತಡ ಮಾಡಿಸಿ ಇದನ್ನು ಸರಿಪಡಿಸಬಹುದು. ಯೂಟ್ಯೂಬಿನಲ್ಲಿ ಅಮೆರಿಕದವರು ತೋರಿಸುವ ಅಂಕಿಗಳನ್ನು ಹಾಗೆಯೇ ಇಳಿಸಿಕೊಂಡರೆ ಎಡವಟ್ಟು. ಅವರು ಕೂರುವುದು ಎಡಗಡೆ.

ದರ್ಜಿಯ ಟೇಪು ತೆಗೆದುಕೊಳ್ಳಿ. ಸೀಟನ್ನು ನೀವು ಓಡಿಸುವ ಸ್ಥಾನಕ್ಕೆ ಇಟ್ಟು, ಮೂಗಿನ ತುದಿಯಿಂದ ಪ್ರತಿ ಸ್ಪೀಕರಿಗೂ ಅಳೆಯಿರಿ. ಅಳತೆ ಹೀಗೆ ಬಂತೆನ್ನಿ: ಸಬ್ 190 ಸೆಂಟಿಮೀಟರ್, ಎಡ ಬಾಗಿಲು 145, ಎಡ ಟ್ವೀಟರ್ 125, ಬಲ ಬಾಗಿಲು 95, ಬಲ ಟ್ವೀಟರ್ 80. ಎಲ್ಲಕ್ಕಿಂತ ದೂರದ್ದಕ್ಕೆ ತಡ ಸೊನ್ನೆ. ಮಿಕ್ಕದ್ದಕ್ಕೆ 190ರಿಂದ ಕಳೆದು, ಬಂದದ್ದನ್ನು 34.3ರಿಂದ ಭಾಗಿಸಿ. ಸದ್ದು ಒಂದು ಮಿಲಿಸೆಕೆಂಡಿನಲ್ಲಿ ಕ್ರಮಿಸುವ ಸೆಂಟಿಮೀಟರ್ ಅದು. ಎಡ ಬಾಗಿಲಿಗೆ 1.31 ಮಿಲಿಸೆಕೆಂಡ್, ಎಡ ಟ್ವೀಟರಿಗೆ 1.90, ಬಲ ಬಾಗಿಲಿಗೆ 2.77, ಬಲ ಟ್ವೀಟರಿಗೆ 3.21. ಕೆಲವು ಸ್ಟೀರಿಯೋಗಳು ದೂರವನ್ನೇ ಕೇಳುತ್ತವೆ. ಅಳತೆ ಕೊಟ್ಟರೆ ಲೆಕ್ಕ ಅವೇ ಮಾಡಿಕೊಳ್ಳುತ್ತವೆ.

ಈಗ ಆ ಹಳೆಯ ಮೋನೋ ಹಾಡು ಹಾಕಿ. ದನಿ ನಡುವಿಗೆ ಬಂದಿರಬೇಕು. ಇನ್ನೂ ಬಲಕ್ಕೆ ವಾಲಿದರೆ ಬಲದ ಮಟ್ಟವನ್ನು ಒಂದು ಡೆಸಿಬೆಲ್ ಇಳಿಸಿ. ತಗ್ಗು ಸ್ವರಗಳ ದಿಕ್ಕನ್ನು ಕಿವಿ ಸಮಯದ ಅಂತರದಿಂದ ಹಿಡಿಯುತ್ತದೆ, ಮೇಲಿನವನ್ನು ಹೆಚ್ಚಾಗಿ ಜೋರಿನ ಅಂತರದಿಂದ. ಅದಕ್ಕೇ ಬರೀ ತಡ ಮಾಡಿದರೆ ಸಾಲದು, ಮಟ್ಟವನ್ನೂ ಮುಟ್ಟಬೇಕಾಗುತ್ತದೆ.

ಡ್ರೈವರಿಗೆ ಚೆಂದವಾದದ್ದು ಪಕ್ಕದವರಿಗೆ ಕೆಡುತ್ತದೆ. ಮನೆಯವರ ಜತೆ ಹೋಗುವಾಗಿನ ಜಗಳ ತಪ್ಪಿಸಲು, ತಡವೆಲ್ಲ ಸೊನ್ನೆಯಿರುವ ಎರಡನೆಯ ಪ್ರಿಸೆಟ್ ಇಟ್ಟುಕೊಳ್ಳಿ.

10. ಈಕ್ವಲೈಜರ್: ಇಳಿಸಿ, ಇಳಿಸಿ, ಇಳಿಸಿ

3 ಡೆಸಿಬೆಲ್ ಏರಿಸಿದರೆ ಆಂಪ್ ಎರಡರಷ್ಟು ಪವರ್ ಕೊಡಬೇಕು, 6 ಏರಿಸಿದರೆ ನಾಲ್ಕರಷ್ಟು, 10ಕ್ಕೆ ಹತ್ತರಷ್ಟು. ಅಷ್ಟು ಮಾಡಿದರೂ ಕಿವಿಗೆ ಹತ್ತು ಡೆಸಿಬೆಲ್ ಎಂದರೆ ಸುಮಾರು ಎರಡರಷ್ಟು ಜೋರು, ಅಷ್ಟೇ. ಟ್ರೆಬಲ್ ಕಡಿಮೆ ಎನಿಸಿದಾಗ ಟ್ರೆಬಲ್ ಏರಿಸುವ ಬದಲು 125–250ರ ಪಟ್ಟಿಗಳನ್ನು ಎರಡು ಡೆಸಿಬೆಲ್ ಇಳಿಸಿ ನೋಡಿ. ಮುಚ್ಚಿಹೋಗಿದ್ದ ಟ್ರೆಬಲ್ ಹೊರಬರುತ್ತದೆ.

ಇನ್ನು ಕೆಲವು ತಗ್ಗುಗಳನ್ನು ಎಷ್ಟು ಏರಿಸಿದರೂ ತುಂಬಲಾಗದು. ಸ್ಪೀಕರಿನ ಸದ್ದೂ ಗಾಜಿಗೆ ಬಡಿದು ಬಂದ ಅದೇ ಸದ್ದೂ ಒಂದನ್ನೊಂದು ಅಳಿಸಿಹಾಕುವ ಜಾಗಗಳವು. ನೀವು ಏರಿಸಿದಷ್ಟೂ ಗಾಜಿನದೂ ಏರುತ್ತದೆ, ತಗ್ಗು ತಗ್ಗಾಗಿಯೇ ಉಳಿಯುತ್ತದೆ. ಪರೀಕ್ಷೆ ಸುಲಭ: ತಲೆಯನ್ನು ಒಂದು ಗೇಣು ಸರಿಸಿದಾಗ ಆ ತಗ್ಗು ಮಾಯವಾದರೆ ಅದನ್ನು ಮುಟ್ಟಬೇಡಿ.

11. ಯಾವ ಪಟ್ಟಿಯಲ್ಲಿ ಯಾವ ರೋಗ

40ರಿಂದ 60 ಹರ್ಟ್ಸ್: ಎದೆಗೆ ತಾಗುವ ಗುದ್ದು. ಡೊಳ್ಳಿನ ತಳ ಇಲ್ಲಿಗೂ ಇಳಿಯುತ್ತದೆ.

100ರಿಂದ 200: ಕಾರಿನ ಅತಿ ದೊಡ್ಡ ಕಾಟ. ಗುಂಯ್ ಎಂಬ ಗದ್ದಲ ಇಲ್ಲಿಯದೇ. ಮೃದಂಗದ ಎಡಗಡೆಯ ಏಟು ಒಂದಕ್ಕೊಂದು ಅಂಟಿಕೊಂಡರೆ, ಗಂಡು ದನಿ ಪೀಪಾಯಿಯೊಳಗಿಂದ ಬಂದಂತಿದ್ದರೆ 125 ಅಥವಾ 160ರ ಪಟ್ಟಿಯನ್ನು ಮೂರು ಡೆಸಿಬೆಲ್ ಇಳಿಸಿ.

250ರಿಂದ 500: ಡಬ್ಬಿ ಸದ್ದು. 800ರಿಂದ 1,500: ಮೂಗಿನಲ್ಲಿ ಹಾಡಿದಂತೆ. ಎರಡನ್ನೂ ತುಸುವೇ ಇಳಿಸಿ. ದನಿಯ ಜೀವ ಇರುವುದೂ ಇಲ್ಲೇ.

2,500ರಿಂದ 4,000: ಮನುಷ್ಯನ ಕಿವಿ ಅತ್ಯಂತ ಸೂಕ್ಷ್ಮವಾಗಿರುವ ಜಾಗ. ನಾದಸ್ವರ ಚುಚ್ಚಿದರೆ, ಹಳೆಯ ಚಿತ್ರಗೀತೆಯ ತಾರ ಸ್ಥಾಯಿಯಲ್ಲಿ ಹಲ್ಲು ಕಚ್ಚುವಂತಾದರೆ ಇಲ್ಲಿ ಎರಡು ಡೆಸಿಬೆಲ್ ತೆಗೆಯಿರಿ. ಹುಬ್ಬಳ್ಳಿಯವರೆಗೂ ತಲೆನೋವಿಲ್ಲದೆ ಹೋಗಬಹುದು. ಒಂದೇ ಒಂದು ಪಟ್ಟಿ ಮುಟ್ಟಲು ಅವಕಾಶ ಕೊಟ್ಟರೆ ನಾನು ಆರಿಸುವುದು ಇದನ್ನೇ.

5,000ರಿಂದ 8,000: ಸಕಾರ, ಶಕಾರಗಳ ಮನೆ. ಇದನ್ನು ಹಾಡಿನಲ್ಲಿ ಹಿಡಿಯುವುದಕ್ಕಿಂತ ಮಾತಿನಲ್ಲಿ ಹಿಡಿಯುವುದು ಸಲೀಸು. ಮನೆಯವರೊಬ್ಬರಿಂದ ‘ಸಾಸಿವೆ, ಸಂಸಾರ, ಸುಸ್ವರ, ಶೇಷಶಯನ’ ಎಂದು ಫೋನಿನಲ್ಲಿ ಹೇಳಿಸಿ ರೆಕಾರ್ಡ್ ಮಾಡಿ, ಕಾರಿನಲ್ಲಿ ಹಾಕಿ. ಸಕಾರಗಳು ಸಿಳ್ಳೆ ಹೊಡೆದರೆ ಇಳಿಸಿ. ‘ಸ’ಕ್ಕೂ ‘ಶ’ಕ್ಕೂ ವ್ಯತ್ಯಾಸವೇ ಕೇಳದಿದ್ದರೆ ತೀರ ಇಳಿಸಿದ್ದೀರಿ ಎಂದರ್ಥ.

10,000ದ ಮೇಲೆ: ಗೆಜ್ಜೆ, ತಾಳ, ಸಿಂಬಲ್‌ಗಳ ಮಿನುಗು. ವಯಸ್ಸಾದಂತೆ ಈ ಭಾಗ ಕಿವಿಗೆ ಕೇಳುವುದು ಕಡಿಮೆಯಾಗುತ್ತದೆ. ಐವತ್ತು ದಾಟಿದವರು ಇಲ್ಲಿ ಏರಿಸುವ ಮುನ್ನ ಮಕ್ಕಳನ್ನು ಕರೆದು ಕೇಳಿಸಿ.

12. ಅಳೆಯುವುದಾದರೆ ಸರಿಯಾಗಿ ಅಳೆಯಿರಿ

ಎಲ್ಲ ಫ್ರೀಕ್ವೆನ್ಸಿಗಳೂ ಬೆರೆತ ‘ಪಿಂಕ್ ನಾಯ್ಸ್’ ಎಂಬ ಟೆಸ್ಟ್ ಸದ್ದು ಹಾಕಿ, ಫೋನಿನ ಆರ್‌ಟಿಎ ಆಪ್‌ನಲ್ಲಿ ನೋಡಿದರೆ ಯಾವ ಫ್ರೀಕ್ವೆನ್ಸಿ ಎಷ್ಟು ಎದ್ದಿದೆ ಎಂದು ಗೆರೆಗಳಲ್ಲಿ ಕಾಣುತ್ತದೆ. ಫೋನಿನ ಮೈಕ್ ತೀರ ಕೆಳಗಿನ ಬಾಸನ್ನು ನೆಟ್ಟಗೆ ಹಿಡಿಯದು. ನಡುವಿನ ಭಾಗಕ್ಕೆ, ಎಡ-ಬಲ ಹೋಲಿಸಲಿಕ್ಕೆ ಸಾಕು. ಹುಚ್ಚು ಹತ್ತಿದವರಿಗೆ ಮಿನಿಡಿಎಸ್‌ಪಿ ಕಂಪನಿಯ ಯುಮಿಕ್-1 ಎಂಬ ಯುಎಸ್‌ಬಿ ಮೈಕ್ ಇದೆ, ಲ್ಯಾಪ್‌ಟಾಪಿಗೆ ರೂಮ್ ಈಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶವಿದೆ. ಮೈಕನ್ನು ಒಂದೇ ಕಡೆ ಹಿಡಿಯದೆ, ತಲೆ ಇರುವ ಜಾಗದ ಸುತ್ತ ನಿಧಾನವಾಗಿ ಆಡಿಸುತ್ತ ಸರಾಸರಿ ತೆಗೆಯಿರಿ. ಎಡ ಒಂದು ಸಲ, ಬಲ ಒಂದು ಸಲ, ಬೇರೆ ಬೇರೆ.

ಗೆರೆಯನ್ನು ಇಸ್ತ್ರಿ ಹಾಕಿದಷ್ಟು ಸಮ ಮಾಡಲು ಹೋಗಬೇಡಿ. ಕಾರಿನಲ್ಲಿ ಸಮತಟ್ಟಾದ ಗೆರೆ ಬಡಕಲಾಗಿ ಕೇಳುತ್ತದೆ. 80ರ ಕೆಳಗೆ ಆರರಿಂದ ಒಂಬತ್ತು ಡೆಸಿಬೆಲ್ ಮೇಲಿದ್ದು, ಅಲ್ಲಿಂದ ಬಲಕ್ಕೆ ಮೆಲ್ಲಗೆ ಇಳಿಯುತ್ತ ಹೋಗುವ ಗೆರೆ ಹೆಚ್ಚಿನವರಿಗೆ ಹಿಡಿಸುತ್ತದೆ. ಅದಕ್ಕಿಂತ ಮುಖ್ಯ, ಎಡದ ಗೆರೆ ಬಲದ ಗೆರೆಗೆ ಹೊಂದುವುದು.

13. ಓಡುವ ಗಾಡಿಯಲ್ಲಿ ಬಾಸ್ ಕರಗುತ್ತದೆ

ಟೈರ್ ಸದ್ದು, ಗಾಳಿ ಸದ್ದು ಬಹುಪಾಲು ತಗ್ಗು ಫ್ರೀಕ್ವೆನ್ಸಿಯವು, ಬಾಸನ್ನು ಅವು ಮುಚ್ಚಿಹಾಕುತ್ತವೆ. ಮನೆ ಮುಂದೆ ನಿಲ್ಲಿಸಿ ಹದ ಮಾಡಿದ್ದು 80ರ ವೇಗದಲ್ಲಿ ಸಪ್ಪೆಯಾಗುವುದು ಇದಕ್ಕೇ. ಸಬ್ ಮಟ್ಟದ ರಿಮೋಟ್ ಗುಂಡಿಯನ್ನು ಸ್ಟೇರಿಂಗ್ ಕೆಳಗೆ ಹಾಕಿಸಿಕೊಳ್ಳಿ, ಹೆದ್ದಾರಿಯಲ್ಲಿ ತುಸು ಏರಿಸಿ, ಊರೊಳಗೆ ಇಳಿಸಿ. ಪರದೆಯ ಮೆನುಗಳನ್ನು ಕೆದಕುವ ಕೆಲಸ ಪಕ್ಕದ ಸೀಟಿನವರದು.

ಹಾಗೆಯೇ ದಿನಾ ಕೇಳುವ ವಾಲ್ಯೂಮಿನಲ್ಲಿಯೇ ಹೊಂದಿಸಿ. ಸದ್ದು ತಗ್ಗಿದಂತೆ ಕಿವಿಗೆ ಬಾಸ್ ಇನ್ನೂ ಹೆಚ್ಚಾಗಿ ತಗ್ಗಿದಂತೆ ಕೇಳುತ್ತದೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು 1933ರಲ್ಲೇ ಪ್ರಕಟಿಸಿದರು. ಲೌಡ್‌ನೆಸ್ ಗುಂಡಿ ಇರುವುದು ಅದನ್ನು ಸರಿದೂಗಿಸಲಿಕ್ಕೆ. ಮೆಲ್ಲಗೆ ಕೇಳುವಾಗ ಹಾಕಿ, ಜೋರಿಗೆ ತೆಗೆಯಿರಿ.

14. ಕಿವಿ ದಣಿದರೆ ಕೆಲಸ ನಿಲ್ಲಿಸಿ

ಅರ್ಧ ಗಂಟೆ ತಿರುಚಿದ ಮೇಲೆ ಕಿವಿಗೆ ಎಲ್ಲವೂ ಒಂದೇ. ನಾಳೆ ಬೆಳಿಗ್ಗೆ ಕೇಳಿ. ದಣಿವಷ್ಟೇ ಅಲ್ಲ, ಜೋರು ಸದ್ದು ಕಿವಿಯನ್ನೇ ಕೆಡಿಸಬಹುದು. ಕೆಲಸಗಾರರ ಆರೋಗ್ಯ ನೋಡಿಕೊಳ್ಳುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿಗೆ ದಿನಕ್ಕೆ ಎಂಟು ಗಂಟೆ ಮಿತಿ, ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿ ಅರ್ಧ. 100ಕ್ಕೆ ಹದಿನೈದೇ ನಿಮಿಷ. ಒಳ್ಳೆಯ ಸಬ್ ಇರುವ ಕಾರಿಗೆ 100 ದೊಡ್ಡ ಮಾತಲ್ಲ. ರಾತ್ರಿ ಹತ್ತರ ಮೇಲೆ ಬೀದಿಯಲ್ಲಿ ನಿಂತು ಟೆಸ್ಟ್ ಟೋನ್ ಹಾಕುವುದಂತೂ ಬೇಡ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ರಾತ್ರಿ ಮಿತಿ 45 ಡೆಸಿಬೆಲ್.

15. ಬರೆದಿಡಿ

ಆಂಪಿನ ಗುಂಡಿಗಳ ಫೋಟೊ, ಕ್ರಾಸ್‌ಓವರ್ ಪರದೆಯ ಫೋಟೊ, ಈಕ್ವಲೈಜರ್ ಪರದೆಯ ಫೋಟೊ, ತಡದ ಅಂಕಿಗಳು. ಸರ್ವಿಸ್‌ನವರು ಬ್ಯಾಟರಿ ಕಳಚಿದರೆ ಕೆಲವು ಸ್ಟೀರಿಯೋಗಳು ಎಲ್ಲವನ್ನೂ ಮರೆತು ಫ್ಯಾಕ್ಟರಿ ಸೆಟ್ಟಿಂಗಿಗೆ ಹೋಗುತ್ತವೆ, ಹೈ ಪಾಸ್ ಕೂಡ ಆಫ್ ಆಗಿರುತ್ತದೆ. ಸರ್ವಿಸ್‌ನಿಂದ ಗಾಡಿ ಬಂದ ದಿನ ಹಾಡು ಹಾಕುವ ಮೊದಲು ಆ ಪರದೆ ತೆರೆದು ನೋಡಿ.